ಸುರಂಗದ ನೀರು, ಅಪಾಯದ ಲೆಕ್ಕ

ಕಾಸರಗೋಡಿನ ಗುಡ್ಡದ ಊರುಗಳಲ್ಲಿ ನೀರನ್ನು ಆಳದಿಂದ ಸೇದುವುದರ ಜೊತೆಗೆ ಅಡ್ಡಕ್ಕೆ ಕರೆದು ತರುವ ರೂಢಿಯೂ ಇದೆ. ಮುರಕಲ್ಲಿನ ಗುಡ್ಡದ ಮಗ್ಗುಲಲ್ಲಿ ಒಬ್ಬ ಆಳು ಬಗ್ಗಿಕೊಂಡು ಹೋಗುವಷ್ಟು ದಾರಿಯನ್ನು ಪಿಕ್ಕಾಸಿನಲ್ಲಿ ಕೊರೆಯುತ್ತ ಹೋಗುತ್ತಾರೆ. ಹತ್ತಾರು ಮೀಟರು ಒಳಗೆ ಒರತೆ ಸಿಕ್ಕಿದರೆ ನೀರು ತಾನಾಗಿ ಬಾಯಿಗೆ ಹರಿದು ಬರುತ್ತದೆ. ಹಿಂದೆ ಅಡಕೆ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ, ಅಂಗಳದ ತೊಟ್ಟಿಗೆ ಇಳಿಯುತ್ತದೆ. ಇದೇ ಸುರಂಗ. ಪಂಪಿಲ್ಲ, ಹಗ್ಗ ರಾಟೆಗಳಿಲ್ಲ, ಗುಡ್ಡವೇ ಟ್ಯಾಂಕು. ಆ ಗುಡ್ಡಗಳ ನೆತ್ತಿಯ ಮೇಲೆ ಕೇರಳ ಪ್ಲಾಂಟೇಶನ್ ನಿಗಮದ ಗೇರು ತೋಟಗಳಿದ್ದವು. 1970ರ ದಶಕದ ಕೊನೆಯಿಂದ 2000ದವರೆಗೆ, ಗೇರು ಚಿಗುರಿ ಹೂ ಬಿಡುವ ಕಾಲಕ್ಕೆ, ಟೀ ಸೊಳ್ಳೆಯೆಂಬ ರಸ ಹೀರುವ ತಿಗಣೆಯನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಹಾಗೆ ಸುರಿಯುವುದಕ್ಕೂ ನಿಯಮಗಳಿದ್ದವು: ಬಾವಿ ಕೆರೆಗಳನ್ನು ಮೊದಲೇ ಮುಚ್ಚಿಸಬೇಕು, ದನಕರುಗಳನ್ನು ಹೊರಗೆ ಬಿಡಬಾರದು, ಮರದ ತುದಿಗಿಂತ ಎರಡು ಮೂರು ಮೀಟರಿಗೂ ಮೇಲಿನಿಂದ ಸಿಂಪಡಿಸಬಾರದು. ಏರಿಳಿತದ ಗುಡ್ಡಗಳ ಮೇಲೆ ಹೆಲಿಕಾಪ್ಟರು ಆ ಎತ್ತರವನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬ ಪ್ರಶ್ನೆ ಹಾಗಿರಲಿ. ಬಾವಿಯ ಬಾಯಿಗೆ ಗರಿ ಹೊದಿಸಬಹುದು. ಸುರಂಗಕ್ಕೆ ಏನನ್ನು ಹೊದಿಸುವುದು? ಬಾಯಿ ಮುಚ್ಚಿದರೂ ನೀರು ಬರುವುದು ಆ ಗುಡ್ಡದ ಮೈಯಿಂದ, ಮದ್ದು ಬೀಳುತ್ತಿದ್ದುದೂ ಅದೇ ಮೈಯ ಮೇಲೆ.

ನಿಯಮ ಬರೆದವರು ದುಷ್ಟರೆಂದು ತೋರಿಸಲು ಈ ಮಾತನ್ನು ಎತ್ತಿಲ್ಲ. ಅವರಿಗೆ ಸುರಂಗ ಗೊತ್ತಿರಲಿಲ್ಲ, ಗೊತ್ತಿದ್ದವರನ್ನು ಯಾರೂ ಕೇಳಿರಲಿಲ್ಲ. ಇಂದಿನ ಉಪನ್ಯಾಸದ ವಾದವೆಲ್ಲ ಈ ಸಣ್ಣ ಸಂಗತಿಯಿಂದ ಹೊರಡುತ್ತದೆ. ವಿಷವಸ್ತುವಿನಿಂದ ಮನುಷ್ಯರ ಆರೋಗ್ಯಕ್ಕೆ ಎಷ್ಟು ಅಪಾಯ ಎಂದು ಅಳೆಯುವ ಕೆಲಸಕ್ಕೆ ಒಂದು ಒಪ್ಪಿತ ಕ್ರಮವಿದೆ. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಹೊರತಂದ, ಈ ಕ್ಷೇತ್ರದವರು ‘ಕೆಂಪು ಪುಸ್ತಕ’ ಎಂದೇ ಕರೆಯುವ ವರದಿ ಅದನ್ನು ನಾಲ್ಕು ಹೆಜ್ಜೆಗಳಾಗಿ ಬಿಡಿಸಿತು. ವಸ್ತು ಯಾವ ಬಗೆಯ ಹಾನಿ ಮಾಡಬಲ್ಲದು, ಎಷ್ಟು ಪ್ರಮಾಣಕ್ಕೆ ಎಷ್ಟು ಹಾನಿ, ಅದು ಜನರ ಮೈ ಸೇರುವ ದಾರಿ ಯಾವುದು ಮತ್ತು ಎಷ್ಟು ಸೇರುತ್ತದೆ, ಇವನ್ನೆಲ್ಲ ಕೂಡಿಸಿದರೆ ಒಟ್ಟು ಅಪಾಯ ಎಷ್ಟು. ಮೊದಲೆರಡು ಹೆಜ್ಜೆಗಳು ಬಹುಮಟ್ಟಿಗೆ ಪ್ರಯೋಗಾಲಯದವು. ಇಲಿಯ ಯಕೃತ್ತು ಅಹಮದಾಬಾದಿನಲ್ಲಿದ್ದರೂ ಜಿನೀವಾದಲ್ಲಿದ್ದರೂ ಒಂದೇ. ಮೂರನೆಯದು ಹಾಗಲ್ಲ. ಯಾರ ಮನೆಗೆ ಯಾವ ಗುಡ್ಡದ ನೀರು, ಮದ್ದು ಬಿಡುವ ದಿನ ಸೊಪ್ಪು ತರಲು ಹೋದವರು ಯಾರು, ತೋಟದಲ್ಲಿ ಬಿದ್ದ ಗೇರುಹಣ್ಣು ತಿಂದ ಮಕ್ಕಳು ಯಾರು, ಹೆಲಿಕಾಪ್ಟರು ಹೋದ ಮೇಲೆ ತೋಡಿನಲ್ಲಿ ತೇಲಿದ ಮೀನನ್ನು ಹೆಕ್ಕಿ ಸಾರು ಮಾಡಿದವರು ಯಾರು ಎಂಬ ಮಾಹಿತಿ ಯಾವ ಉಪಕರಣದಲ್ಲೂ ಇಲ್ಲ; ಇರುವುದು ಊರಿನವರ ತಲೆಯಲ್ಲಿ. ಆದ್ದರಿಂದ ಜನರನ್ನು ಅಪಾಯದ ಲೆಕ್ಕದೊಳಗೆ ಸೇರಿಸಿಕೊಳ್ಳುವುದು ಸೌಜನ್ಯದ ಮಾತೂ ಅಲ್ಲ, ಪ್ರಜಾಪ್ರಭುತ್ವದ ಅಲಂಕಾರವೂ ಅಲ್ಲ. ಅವರಿಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ. ಮತ್ತು ಅವರನ್ನು ಸೇರಿಸಬೇಕಾದದ್ದು ವರದಿ ಮುಗಿದ ಮೇಲಿನ ಸಭೆಯಲ್ಲಿ ಅಲ್ಲ, ಪ್ರಶ್ನಾವಳಿ ಬರೆಯುವ ಮೊದಲ ದಿನ.

ನಡುವೆ ಒಂದು ಮಾತು. ಆ ಮೂರನೆಯ ಹೆಜ್ಜೆಯ ‘ಎಕ್ಸ್‌ಪೋಶರ್’ ಎಂಬುದಕ್ಕೆ ಪಠ್ಯಪುಸ್ತಕಗಳು ‘ಒಡ್ಡಿಕೆ’ ಎನ್ನುತ್ತವೆ. ಒಡ್ಡುವುದೆಂದರೆ ಚಾಚುವುದು, ತಾನಾಗಿ ಮುಂದೆ ಹಿಡಿಯುವುದು. ಕೈ ಒಡ್ಡುತ್ತೇವೆ, ಎದೆ ಒಡ್ಡುತ್ತೇವೆ. ಮನೆಯ ಮೇಲೆ ಬಂದು ಬಿದ್ದದ್ದಕ್ಕೆ ಈ ಪದ ಸಲ್ಲುತ್ತದೆಯೇ? ಕರಾವಳಿಯ ಕನ್ನಡ ಕೀಟನಾಶಕಕ್ಕೆ ಮದ್ದು ಎನ್ನುತ್ತದೆ, ಜ್ವರದ ಗುಳಿಗೆಗೂ ಅದನ್ನೇ ಅನ್ನುತ್ತದೆ, ಕೇಡು ಬಗೆದು ಅನ್ನದಲ್ಲಿ ಬೆರೆಸಿದ್ದಕ್ಕೆ ಕೈಮದ್ದು ಎನ್ನುತ್ತದೆ. ಪ್ರಮಾಣವೂ ಸಂದರ್ಭವೂ ಒಂದು ವಸ್ತುವನ್ನು ಔಷಧವೋ ವಿಷವೋ ಆಗಿಸುತ್ತವೆ ಎಂಬ ವಿಷಶಾಸ್ತ್ರದ ಮೊದಲ ಪಾಠ ಆ ಪದದೊಳಗೇ ಇದೆ.

ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಆದದ್ದನ್ನು ಸಾಮಾನ್ಯವಾಗಿ ಹೋರಾಟದ ಕಥೆಯಾಗಿ ಹೇಳುತ್ತಾರೆ. ಅದನ್ನೇ ಮಾಹಿತಿ ಒಟ್ಟಾದ ಕಥೆಯಾಗಿ ಓದಿದರೆ ಬೇರೆಯೇ ಪಾಠ ಸಿಗುತ್ತದೆ. ಮೊದಲ ಸುಳಿವು ಬಂದದ್ದು ಹಟ್ಟಿಯಿಂದ. ಕಾಲು ಸೊಟ್ಟಗಿರುವ ಕರುಗಳು ಹುಟ್ಟುತ್ತಿರುವುದನ್ನು ಕೃಷಿ ಪತ್ರಕರ್ತ ಶ್ರೀ ಪಡ್ರೆ ಗಮನಿಸಿ, ಗೇರು ತೋಟದ ಸಿಂಪಡಣೆಯ ಕಡೆ ಬೆರಳು ತೋರಿಸಿ 1980ರ ದಶಕದ ಆರಂಭದಲ್ಲೇ ಬರೆದರು. ಅದೇ ಹೊತ್ತಿಗೆ ಆ ಊರಿನಲ್ಲಿ ವೃತ್ತಿ ಆರಂಭಿಸಿದ ವೈದ್ಯ ವೈ.ಎಸ್. ಮೋಹನಕುಮಾರರು ತಮ್ಮ ರೋಗಿಗಳಲ್ಲಿ ಮಾನಸಿಕ ಕಾಯಿಲೆ, ಅಪಸ್ಮಾರ, ಕ್ಯಾನ್ಸರ್, ಮಕ್ಕಳಲ್ಲಿ ಬುದ್ಧಿಮಾಂದ್ಯ ಮತ್ತು ಅಂಗವೈಕಲ್ಯ ತಮಗಿದ್ದ ನಿರೀಕ್ಷೆಗಿಂತ ಹೆಚ್ಚಾಗಿ ಕಾಣುತ್ತಿವೆ ಎಂದು ಮನೆ ಮನೆಯ ಲೆಕ್ಕ ಇಡತೊಡಗಿದರು. ಪೆರಿಯದ ಕಡೆ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಸಿಂಪಡಣೆಯ ವಿರುದ್ಧ ಹೊಸದುರ್ಗದ ಮುನ್ಸೀಫ್ ಕೋರ್ಟಿನ ಮೆಟ್ಟಿಲು ಹತ್ತಿದರು. 2000ದಲ್ಲಿ ವೈಮಾನಿಕ ಸಿಂಪಡಣೆಗೆ ತಡೆ ಬಂತು. ದನ ಸಾಕಿದವರಿಗೆ ಕರು ಗೊತ್ತಿತ್ತು, ವೈದ್ಯರಿಗೆ ರೋಗ ಗೊತ್ತಿತ್ತು, ತೋಟದ ಕೂಲಿಯಾಳಿಗೆ ಮದ್ದಿನ ಪೀಪಾಯಿ ಎಲ್ಲಿ ತೊಳೆಯುತ್ತಾರೆಂಬುದು ಗೊತ್ತಿತ್ತು. ಇಪ್ಪತ್ತು ವರ್ಷ ಈ ಮಾಹಿತಿ ಬಿಡಿ ಬಿಡಿಯಾಗಿಯೇ ಉಳಿಯಿತು. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಿ, ಒಬ್ಬ ಸಂಖ್ಯಾಶಾಸ್ತ್ರಜ್ಞನನ್ನೂ ಒಬ್ಬ ರಸಾಯನಶಾಸ್ತ್ರಜ್ಞನನ್ನೂ ಜೊತೆಗೆ ಕೊಡುವ ಕೆಲಸ ಯಾವ ಇಲಾಖೆಯ ಪಾಲಿಗೂ ಬಂದಿರಲಿಲ್ಲ.

ಹಾಗೆ ಕೂರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ 2001 ಸಾಕ್ಷಿ. ಆ ವರ್ಷ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಹಾಲು, ರಕ್ತ ಮುಂತಾದವುಗಳಲ್ಲಿ ಎಂಡೋಸಲ್ಫಾನಿನ ಉಳಿಕೆ ಭಾರೀ ಪ್ರಮಾಣದಲ್ಲಿದೆ ಎಂದು ಪ್ರಕಟಿಸಿತು. ಬೆನ್ನಿಗೇ, ಪ್ಲಾಂಟೇಶನ್ ನಿಗಮ ನೇಮಿಸಿದ ತಮಿಳುನಾಡಿನ ಸಂಸ್ಥೆಯೊಂದು ಅದೇ ಪ್ರದೇಶದ ಮಾದರಿಗಳಲ್ಲಿ ಅಂಥದ್ದೇನೂ ಇಲ್ಲವೆಂದಿತು. ಮುಂದಿನ ಹತ್ತು ವರ್ಷ ಎರಡು ಪಕ್ಷಗಳೂ ತಮ್ಮ ತಮ್ಮ ವರದಿಯನ್ನು ಬೀಸುತ್ತ ನಡೆದವು. ಯಾರು ಸುಳ್ಳು ಹೇಳಿದರು ಎಂದು ಕೇಳುವುದು ಸುಲಭ. ಉಪಯೋಗದ ಪ್ರಶ್ನೆ ಬೇರೆ: ಬಾಟಲಿ ತುಂಬಿಸಿದವರು ಯಾರು, ಸಿಂಪಡಣೆಯಾಗಿ ಎಷ್ಟು ದಿನಕ್ಕೆ, ತೋಡಿನ ಯಾವ ತಿರುವಿನಲ್ಲಿ? ಎಂಡೋಸಲ್ಫಾನ್ ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟಾಗಿ ಮಾರ್ಪಡುತ್ತದೆ, ಅದೂ ವಿಷವೇ, ಮೂಲ ವಸ್ತುವಿಗಿಂತ ಹೆಚ್ಚು ಕಾಲ ಉಳಿಯುವಂಥದ್ದು. ಮೂಲ ವಸ್ತುವನ್ನಷ್ಟೇ ಹುಡುಕಿದವರಿಗೂ ಸಲ್ಫೇಟನ್ನೂ ಕೂಡಿಸಿಕೊಂಡವರಿಗೂ ಒಂದೇ ಬಾಟಲಿಯಲ್ಲಿ ಬೇರೆ ಬೇರೆ ಅಂಕಿ ಸಿಗುವುದು ಸಾಧ್ಯ. ಇದಕ್ಕೆ ಮದ್ದು ಬಹಳ ಸರಳ, ಬಹಳ ಅಗ್ಗ. ಎರಡೂ ಪಕ್ಷದವರ ಎದುರಿನಲ್ಲಿ ಒಂದೇ ಜಾಗದಿಂದ ಮಾದರಿ ತೆಗೆದು, ಮೂರು ಪಾಲು ಮಾಡಿ, ಮೊಹರು ಹಾಕಿ, ಎರಡನ್ನು ಎರಡು ಪ್ರಯೋಗಾಲಯಕ್ಕೆ ಕಳಿಸಿ, ಮೂರನೆಯದನ್ನು ತಂಟೆ ಬಂದರೆ ಇರಲೆಂದು ಶೀತಪೆಟ್ಟಿಗೆಯಲ್ಲಿ ಇಡುವುದು. ಯಾವ ವಸ್ತುಗಳನ್ನು ಹುಡುಕಬೇಕೆಂಬ ಪಟ್ಟಿಗೆ ಮೊದಲೇ ಸಹಿ ಹಾಕಿಸಿಕೊಳ್ಳುವುದು. ಸಹಯೋಗ ಎಂದರೆ ನನ್ನ ಮಟ್ಟಿಗೆ ಮುಖ್ಯವಾಗಿ ಈ ಮೂರನೆಯ ಬಾಟಲಿ.

ಪಡ್ರೆಯ ವಿಷಯದಲ್ಲಿ ಗಟ್ಟಿಯಾಗಿ ನಿಂತ ಅಧ್ಯಯನ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯದು. ಮಾನವ ಹಕ್ಕುಗಳ ಆಯೋಗ ಪತ್ರಿಕಾ ವರದಿಗಳನ್ನು ನೋಡಿ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡ ಮೇಲೆ ಇದು ನಡೆಯಿತು. ಗೇರು ತೋಟದ ಕೆಳಗಿನ ಊರಿನ ಶಾಲಾಮಕ್ಕಳನ್ನು, ಸುಮಾರು 20 ಕಿ.ಮೀ. ದೂರದ, ವೈಮಾನಿಕ ಸಿಂಪಡಣೆಯ ಇತಿಹಾಸವಿಲ್ಲದ ಊರಿನ ಮಕ್ಕಳೊಂದಿಗೆ ಹೋಲಿಸಿದರು. 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬಂದ ಅದರ ಒಂದು ಭಾಗ ಗಂಡುಮಕ್ಕಳಿಗೆ ಸಂಬಂಧಿಸಿದ್ದು: ಸಿಂಪಡಣೆಯ ಊರಿನ 117, ಹೋಲಿಕೆಯ ಊರಿನ 90. ಕೊನೆಯ ಸಿಂಪಡಣೆಯಾಗಿ ಹತ್ತು ತಿಂಗಳಾದ ಮೇಲೆ ತೆಗೆದ ರಕ್ತದಲ್ಲಿ ಕೂಡ, ಸಿಂಪಡಣೆಯ ಊರಿನ 78 ಶೇಕಡಾ ಮಕ್ಕಳಲ್ಲಿ ಎಂಡೋಸಲ್ಫಾನ್ ಕಂಡಿತು. ಇನ್ನೊಂದು ಊರಿನಲ್ಲಿ 29 ಶೇಕಡಾ. ಸರಾಸರಿ ಪ್ರಮಾಣ ಶತಕೋಟಿಗೆ 7.47 ಭಾಗ, ಅಲ್ಲಿ 1.37. ರಕ್ತದಲ್ಲಿ ಅದು ಹೆಚ್ಚಿದ್ದಂತೆ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತದೆಂಬ ಸಂಬಂಧವೂ ಕಂಡುಬಂತು. ಇಲ್ಲಿ ಎರಡು ಸಂಗತಿ ಗಮನಿಸಬೇಕು. ಹೋಲಿಕೆಗೆ ಆರಿಸಿದ ಊರಿನಲ್ಲೂ ಮೂರರಲ್ಲೊಂದು ಪಾಲಿಗೆ ಹತ್ತಿರದಷ್ಟು ಮಕ್ಕಳಲ್ಲಿ ವಿಷ ಸಿಕ್ಕಿತು. ಪೂರ್ತಿ ಶುದ್ಧವಾದ ಹೋಲಿಕೆಯ ಊರು ಕೃಷಿಯ ನಾಡಿನಲ್ಲಿ ಸಿಗುವುದಿಲ್ಲ. ಮತ್ತು ಈ ಅಧ್ಯಯನ ಪಡ್ರೆಯ ಪ್ರತಿಯೊಂದು ಕ್ಯಾನ್ಸರಿಗೂ ಪ್ರತಿಯೊಬ್ಬ ಅಂಗವಿಕಲ ಮಗುವಿಗೂ ಕಾರಣ ಹೇಳಲಿಲ್ಲ, ಹೇಳುವುದಾಗಿ ಹೊರಡಲೂ ಇಲ್ಲ. ಚಿಕ್ಕ ಪ್ರಶ್ನೆಗೆ ಚೊಕ್ಕ ಉತ್ತರ ಕೊಟ್ಟಿತು, ಅಷ್ಟೇ. ಆಮೇಲೆ ಕೇಂದ್ರ ಕೃಷಿ ಇಲಾಖೆಯ ಮಟ್ಟದ ಸಮಿತಿಗಳು ನಂಟಿಲ್ಲವೆಂದದ್ದುಂಟು. ಆದರೂ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳು ಈ ವಸ್ತುವನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ 13ರಂದು ಸುಪ್ರೀಂ ಕೋರ್ಟು ದೇಶದೊಳಗೆ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು.

ಈಗ ಆಕ್ಷೇಪಗಳು. ಮೊದಲನೆಯದು, ಎಲ್ಲಕ್ಕಿಂತ ತೂಕದ್ದು: ಜನರ ಗುಮಾನಿ ತಪ್ಪಬಹುದಲ್ಲ? ಖಂಡಿತ ತಪ್ಪಬಹುದು. ಉದಾಹರಣೆಗೆ ದೂರ ಹೋಗಬೇಕಿಲ್ಲ. 1970ರ ದಶಕದ ನಡುವಿನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟದ ಕೀಲು ಹಿಡಿದು ಜನ ನಡೆಯಲಾರದಂತಾಗುವ, ಕೆಲವರು ಬೆಳೆಯದೆ ಕುಳ್ಳಾಗಿಯೇ ಉಳಿಯುವ ಕಾಯಿಲೆ ಬೆಳಕಿಗೆ ಬಂತು. ಬಾಧಿತರಲ್ಲಿ ಬಹುಪಾಲು ಚಲುವಾದಿ ಮತ್ತು ಚನ್ನಂಗಿ ಸಮುದಾಯದ ಬಡವರು. ಭತ್ತದ ಗದ್ದೆಗೆ ಎಂಡ್ರಿನ್, ಪ್ಯಾರಾಥಿಯಾನ್‌ಗಳು ಬಂದಿದ್ದ ಕಾಲ ಅದು. ಆ ಗದ್ದೆಯ ಏಡಿ, ಮೀನು ಇವರ ಊಟ. ಎರಡನ್ನೂ ಜೋಡಿಸಿ ಕೀಟನಾಶಕವೇ ಕಾರಣವೆಂದದ್ದು ಜನ ಮಾತ್ರವಲ್ಲ, ತಿಳಿದವರೂ ಹಾಗೆಯೇ ಶಂಕಿಸಿದರು. ನೋಡಿದರೆ ಎಷ್ಟು ಸರಿಯಾಗಿ ಕೂಡಿಬರುವ ಕಥೆ! ಆದರೆ ಮುಂದಿನ ವರ್ಷಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಎಕ್ಸ್‌ರೇ ಪರೀಕ್ಷೆ ಮತ್ತು ಕುಟುಂಬಗಳ ಅಧ್ಯಯನ ಇದನ್ನು ಮೂಳೆ ಬೆಳವಣಿಗೆಯ ಆನುವಂಶಿಕ ದೋಷವೆಂದು, ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕಾಗುವ ಬಗೆಯದೆಂದು ಗುರುತಿಸಿತು. ಹಾಗಾದರೆ ಹಂದಿಗೋಡು ನನ್ನ ವಾದವನ್ನು ಕೆಡವುತ್ತದೆಯೇ? ವಂಶಾವಳಿ ಬರೆಯಲು ಮಾಹಿತಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳೋಣ. ಯಾರ ಅಜ್ಜಿ ಕುಂಟುತ್ತಿದ್ದಳು, ಯಾವ ಊರಿನಿಂದ ಹೆಣ್ಣು ತಂದರು, ತಮ್ಮನಿಗಿದ್ದು ಅಣ್ಣನಿಗಿಲ್ಲದ್ದು ಯಾರ ಮನೆಯಲ್ಲಿ ಎಂಬುದು ಸರಕಾರಿ ಕಡತದಲ್ಲಿ ಸಿಗುವ ವಿಷಯವಲ್ಲ. ಗುಮಾನಿ ಕೊಟ್ಟವರೂ ಅವರೇ, ಗುಮಾನಿಯನ್ನು ತಿದ್ದುವ ಮಾಹಿತಿ ಕೊಟ್ಟವರೂ ಅವರೇ. ಜನರ ತೀರ್ಮಾನಕ್ಕೂ ಜನರ ಬಳಿಯಿರುವ ಮಾಹಿತಿಗೂ ಇರುವ ವ್ಯತ್ಯಾಸ ಇದು. ಮಾಹಿತಿಯನ್ನು ಪೂರ್ತಿ ತೆಗೆದುಕೊಳ್ಳಬೇಕು, ತೀರ್ಮಾನವನ್ನು ಪರೀಕ್ಷೆಗೆ ಒಡ್ಡಬೇಕು. ಈ ಸಲ ಆ ಕ್ರಿಯಾಪದ ಸರಿಯಾಗಿಯೇ ಇದೆ.

ಎರಡನೆಯ ಆಕ್ಷೇಪ ಸಂಖ್ಯಾಶಾಸ್ತ್ರದ್ದು. ಪರಿಹಾರದ ಹಣ ಘೋಷಣೆಯಾದ ಮೇಲೆ ಕೇಳುವ ಯಾವ ಪ್ರಶ್ನೆಗೂ ನೇರ ಉತ್ತರ ಸಿಗದು, ಕಾಯಿಲೆ ಬಿದ್ದವರು ಹಳೆಯದನ್ನು ಹೆಚ್ಚು ಕೆದಕಿ ನೆನಪಿಸಿಕೊಳ್ಳುತ್ತಾರೆ, ಎಲ್ಲಿ ಶಿಬಿರ ನಡೆಯುತ್ತದೋ ಅಲ್ಲಿ ರೋಗಿಗಳು ಹೆಚ್ಚು ಕಾಣುತ್ತಾರೆ ಎಂಬುದು. ಕೇರಳದ ಕೆಲವು ಕೃಷಿ ವಿಜ್ಞಾನಿಗಳು ಕಾಸರಗೋಡಿನ ಬಾಧಿತರ ಪಟ್ಟಿಗಳ ಬಗ್ಗೆ ಇದನ್ನೇ ಬರೆದಿದ್ದಾರೆ. ಆ ಟೀಕೆಯನ್ನು ಕಂಪನಿಯ ಪರವೆಂದು ತಳ್ಳಿಹಾಕುವುದು ಅನ್ಯಾಯ. ವೈದ್ಯಕೀಯ ಶಿಬಿರದ ಪಟ್ಟಿ ರೋಗಪ್ರಮಾಣದ ಅಳತೆಯಲ್ಲ ಎಂಬ ಅವರ ಮಾತು ಸರಿ. ಆದರೆ ಆ ಪಟ್ಟಿ ಹುಟ್ಟಿದ್ದೇ ಬೇರೆ ಕೆಲಸಕ್ಕೆ, ಯಾರಿಗೆ ಆಸರೆ ಬೇಕೆಂದು ತಿಳಿಯಲು. ಹಾಸಿಗೆ ಬಿಟ್ಟೇಳದ ಮಗನನ್ನು ಹೊರಳಿಸಿ ಮಲಗಿಸುವ ತಾಯಿಗೆ ಪಿಂಚಣಿ ಕೊಡಲು ಅವನ ನರಮಂಡಲಕ್ಕೆ ಹಾನಿ ಮಾಡಿದ ಅಣುವಿನ ಹೆಸರು ಗೊತ್ತಾಗಬೇಕಿಲ್ಲ. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತು. ಪ್ರತಿ ಮಗುವಿನ ವಿಷಯದಲ್ಲೂ ಕಾರ್ಯಕಾರಣ ಸಾಬೀತಾಗಲಿ ಎಂದು ಕಾಯುತ್ತಿದ್ದರೆ ಆ ಆದೇಶ ಹೊರಡುತ್ತಲೇ ಇರಲಿಲ್ಲ. ಆಸರೆಯ ಪಟ್ಟಿಯನ್ನು ಪುರಾವೆಯ ಪಟ್ಟಿಯಾಗಿ ಓದಿದ ತಪ್ಪನ್ನು ಎರಡೂ ಕಡೆಯವರು ಮಾಡಿದರು. ಇವೆರಡು ಕೆಲಸಗಳನ್ನು ಆರಂಭದಲ್ಲೇ ಬೇರೆ ಬೇರೆ ಪುಸ್ತಕದಲ್ಲಿ ಬರೆದಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ನೆನಪಿನ ಪಕ್ಷಪಾತಕ್ಕೆ ಮದ್ದಿಲ್ಲದೆ ಇಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಬರ್ನ್ ಎಂಬ ಪಟ್ಟಣದಲ್ಲಿ 1979ರಲ್ಲಿ ಎರಡು ಸಾರ್ವಜನಿಕ ಕೊಳವೆಬಾವಿಗಳನ್ನು ಕೈಗಾರಿಕಾ ರಾಸಾಯನಿಕ ಬೆರೆತಿದೆಯೆಂದು ಮುಚ್ಚಿದರು. ಆ ಕೇರಿಗಳಲ್ಲಿ ಮಕ್ಕಳ ರಕ್ತಕ್ಯಾನ್ಸರ್ ಅಸಹಜವಾಗಿ ಹೆಚ್ಚಿದೆಯೆಂದು ಆನ್ ಆಂಡರ್ಸನ್ ಎಂಬ ತಾಯಿ, ಇತರ ಕುಟುಂಬಗಳ ಜೊತೆ ಸೇರಿ, ನಕ್ಷೆಯ ಮೇಲೆ ಗುರುತು ಹಾಕಿದರು. ಹಾರ್ವರ್ಡಿನ ಸಂಖ್ಯಾಶಾಸ್ತ್ರಜ್ಞರು ಊರಿನ ಸುಮಾರು 300 ಸ್ವಯಂಸೇವಕರಿಗೆ ತರಬೇತಿ ಕೊಟ್ಟು 5,000ದಷ್ಟು ಮನೆಗಳನ್ನು ಫೋನಿನಲ್ಲಿ ಸಮೀಕ್ಷಿಸಿದರು. ಯಾವ ಮನೆಗೆ ಯಾವ ತಿಂಗಳು ಆ ಬಾವಿಗಳ ನೀರು ಎಷ್ಟು ಹೋಗಿತ್ತು ಎಂಬ ವಿವರವಾದ ಲೆಕ್ಕ ಪ್ರಶ್ನೆ ಕೇಳುತ್ತಿದ್ದವರ ಕೈಯಲ್ಲಿ ಇರಲಿಲ್ಲ. ಅಂದರೆ ಆಸಕ್ತಿ ಅವರದು, ಶ್ರಮ ಅವರದು, ಆದರೆ ಉತ್ತರವನ್ನು ಬಾಗಿಸುವ ದಾರಿ ಅವರಿಗೆ ಸುಲಭವಾಗಿರಲಿಲ್ಲ. ಆಗಲೂ ಟೀಕೆ ಬಂತು. 1997ರಲ್ಲಿ ರಾಜ್ಯದ ಆರೋಗ್ಯ ಇಲಾಖೆಯೇ ಪ್ರತ್ಯೇಕವಾಗಿ ಅಧ್ಯಯನ ಮಾಡಿ, ಗರ್ಭಿಣಿಯರು ಆ ನೀರು ಕುಡಿದದ್ದಕ್ಕೂ ಮಕ್ಕಳ ರಕ್ತಕ್ಯಾನ್ಸರಿಗೂ ನಂಟಿರುವಂತಿದೆಯೆಂದು ಕಂಡಿತು.

ಮೂರನೆಯ ಆಕ್ಷೇಪ ಬರುವುದು ವಿರುದ್ಧ ದಿಕ್ಕಿನಿಂದ, ಹೋರಾಟಗಾರರಿಂದ. ಕಂಪನಿ, ಇಲಾಖೆ, ಸಂತ್ರಸ್ತರು ಒಂದೇ ಮೇಜಿಗೆ ಕೂತರೆ ಬಲವಿದ್ದವನ ಮಾತೇ ನಡಾವಳಿಗೆ ಹೋಗುತ್ತದೆ, ಉಳಿದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಚಹಾ ಕುಡಿದು ಬರುತ್ತಾರೆ ಎನ್ನುತ್ತಾರೆ ಅವರು. ಪರಿಸರ ಅನುಮತಿಗೆಂದು ನಡೆಯುವ ಸಾರ್ವಜನಿಕ ಅಹವಾಲು ಸಭೆಗಳನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ಇಲ್ಲಿ ನನ್ನದು ಅರ್ಧ ಒಪ್ಪಿಗೆ. ತಯಾರಕರ ಬಳಿ ಇಲಿ ಮೊಲಗಳ ಮೇಲಿನ ಪರೀಕ್ಷೆಯ ಅಂಕಿಗಳಿರುತ್ತವೆ, ಅವು ಬೇಕು. ಆದ್ದರಿಂದ ಅವರನ್ನು ಮೇಜಿನಿಂದ ಹೊರಗಿಡುವಂತಿಲ್ಲ. ಆದರೆ ಮೇಜಿನ ತಲೆಗೆ ಅವರು ಕೂರಬಾರದು, ಅಧ್ಯಯನದ ಹಣ ಅವರ ಕೈಯಿಂದ ನೇರವಾಗಿ ಬರಬಾರದು, ಮೂಲ ಅಂಕಿಅಂಶ ಎಲ್ಲರಿಗೂ ತೆರೆದಿರಬೇಕು. ಇನ್ನೊಂದು ಶರತ್ತನ್ನು ಯಾರೂ ಬರೆಯುವುದಿಲ್ಲ: ಭಾಷೆ. ಪಡ್ರೆಯ ಮನೆಗಳಲ್ಲಿ ತುಳು, ಕನ್ನಡ, ಮಲಯಾಳ, ಮರಾಠಿ ಎಲ್ಲ ಇವೆ. ಅವರ ರಕ್ತದ ವರದಿ ಇಂಗ್ಲಿಷಿನಲ್ಲಿತ್ತು. ತನ್ನ ಮಗನ ಮೈಯಲ್ಲಿ ಏನು ಸಿಕ್ಕಿತೆಂದು ಪತ್ರಿಕೆ ಓದಿ ತಿಳಿಯಬೇಕಾದ ತಂದೆಯನ್ನು ಅಧ್ಯಯನದ ಪಾಲುದಾರ ಎನ್ನುವುದು ಹೇಗೆ?

ಕೇರಳ ಕರ್ನಾಟಕ ಗಡಿಯ ಈಚೆ ಬದಿಯಲ್ಲಿ ಕಥೆ ಇನ್ನೂ ತೆಳುವಾಗಿ ದಾಖಲಾಗಿದೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೂ ಅದೇ ಮದ್ದನ್ನು ಆಕಾಶದಿಂದ ಬಿಟ್ಟಿದ್ದರು. 2011ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ, ಕೇಂದ್ರಕ್ಕಿಂತ ಮೊದಲೇ, ಅದನ್ನು ನಿಷೇಧಿಸಿತು. ಬಾಧಿತರ ಪಾಲನೆಗೆಂದು ಕೊಕ್ಕಡ, ಕೊಯಿಲಗಳಲ್ಲಿ ಹಗಲು ಕೇಂದ್ರಗಳು ಬಂದವು, ಮಾಸಾಶನ ಬಂತು. ಆದರೆ ಒಂದೇ ಬಗೆಯ ಗುಡ್ಡ, ಒಂದೇ ಬೆಳೆ, ಒಂದೇ ವಿಷ ಇರುವ ಎರಡು ಜಿಲ್ಲೆಗಳ ಲೆಕ್ಕ ಎರಡು ರಾಜ್ಯಗಳ ಕಡತಗಳಲ್ಲಿ, ಎರಡು ಬೇರೆ ಬೇರೆ ಅರ್ಹತೆಯ ಮಾನದಂಡಗಳಲ್ಲಿ ಕೂತಿದೆ. ರೋಗಪ್ರಮಾಣದ ಅಧ್ಯಯನಕ್ಕೆ ಇಷ್ಟು ಒಳ್ಳೆಯ ಹೋಲಿಕೆಯ ಅವಕಾಶ ಅಪರೂಪ.

ಅವಕಾಶ ಮುಗಿದಿಲ್ಲ ಕೂಡ. ಸಿಂಪಡಣೆ ನಿಂತ ಮೇಲೆ ಉಳಿದ ಎಂಡೋಸಲ್ಫಾನ್ ಪೆರಿಯ, ರಾಜಪುರಂ, ಚೀಮೇನಿಗಳ ಗೋದಾಮುಗಳಲ್ಲಿ ಪೀಪಾಯಿ ತುಕ್ಕು ಹಿಡಿಯುವವರೆಗೂ ಬಿದ್ದಿತ್ತು. 2012ರಲ್ಲಿ ಹೊಸ ಪೀಪಾಯಿಗಳಿಗೆ ತುಂಬಿಸಿಟ್ಟರು. ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಮಿಂಚಿನಪದವಿನ ಗೇರು ತೋಟದ ಪಾಳುಬಾವಿಯಲ್ಲಿ ಹಿಂದೆ ಒಂದಷ್ಟನ್ನು ಹೂತಿದ್ದಾರೆಂಬ ದೂರು ಹಸಿರು ನ್ಯಾಯಮಂಡಳಿಯ ಮುಂದೆ ಬಂದು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಅಲ್ಲಿಗೆ ಬಂದು ಮಣ್ಣು ನೀರುಗಳ ಮಾದರಿ ತೆಗೆದರು. ಪದವು ಎಂದರೆ ಗುಡ್ಡದ ಮೇಲಿನ ಬಯಲು. ಅದರ ನೀರು ಒಂದೇ ಕಡೆಗೆ ಇಳಿಯಬೇಕೆಂದಿಲ್ಲ. ಮುರಕಲ್ಲಿನ ಯಾವ ಪದರದಲ್ಲಿ ನೀರು ಜಿನುಗುತ್ತದೆ, ಎಲ್ಲಿ ಜೇಡಿ ಅಡ್ಡ ಬಂದು ತಿರುಗುತ್ತದೆ ಎಂಬುದನ್ನು ಮೇಣದ ಬತ್ತಿ ಹಿಡಿದು ಒಳಗೆ ಕೂತು ಕೊರೆದ ಸುರಂಗದ ಕೆಲಸಗಾರರು ಬಲ್ಲರು. ಅಂಥವರಲ್ಲಿ ಬಹಳ ಮಂದಿಗೆ ಈಗ ವಯಸ್ಸಾಗಿದೆ. ಮುಂದಿನ ಸಲ ಮಾದರಿಯ ಬಾಟಲಿ ಹಿಡಿದು ಜೀಪು ಹತ್ತುವ ಮೊದಲು ಅವರಲ್ಲಿ ಇಬ್ಬರನ್ನು, ಗಡಿಯ ಆಚೆಗೊಬ್ಬ ಈಚೆಗೊಬ್ಬ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರೆ ಎಲ್ಲಿ ಜೀಪು ನಿಲ್ಲಿಸಬೇಕೆಂದು ಅವರೇ ಹೇಳುತ್ತಾರೆ.